ಕರಕ್ಕೆ ‘ಹೌದು’ ಎನ್ನುವವರು

ಸರಕಾರ ಕರ ಹೇರುತ್ತದೆ, ಪ್ರಜೆ ಗೊಣಗುತ್ತ ಕೊಡುತ್ತಾನೆ. ಇದು ನಮಗೆಲ್ಲ ರೂಢಿಯಾದದ್ದು. ಸಂಬಳ ಕೈಗೆ ಬರುವ ಮೊದಲೇ ಕರ ಮುರಿದುಕೊಳ್ಳುವ ನನ್ನಂಥ ಗುಮಾಸ್ತನನ್ನಂತೂ ಕೇಳುವವರೇ ಇಲ್ಲ. ಆದರೆ ಕೊಡುವವನನ್ನೇ ಮೊದಲು ಕೇಳಿ, ಅವನು ಒಪ್ಪಿದರೆ ಮಾತ್ರ ಕರ ಹಾಕುವ ಪದ್ಧತಿಯೊಂದು ಅಮೇರಿಕೆಯ ಹಲವು ರಾಜ್ಯಗಳಲ್ಲಿದೆ. ಅಲ್ಲಿ ಅಭ್ಯರ್ಥಿಗಳ ಹೆಸರುಗಳ ಜೊತೆಗೇ, ‘ಈ ಕೌಂಟಿಯಲ್ಲಿ ಮಾರಾಟ ತೆರಿಗೆಯನ್ನು ಅರ್ಧ ಸೆಂಟ್ ಏರಿಸಬಹುದೇ?’ ಎಂಬಂಥ ಪ್ರಶ್ನೆಯೂ ಮತಪತ್ರದಲ್ಲಿ ಅಚ್ಚಾಗಿರುತ್ತದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತೆ. ಡಾಲರಿಗೆ ಅರ್ಧ ಸೆಂಟ್ ಎಂದರೆ ನೂರು ರೂಪಾಯಿಗೆ ಎಂಟಾಣೆ.

ಹೀಗೆ ಕೇಳಿದರೆ ಯಾರು ತಾನೆ ಒಪ್ಪಿಯಾರು ಎನಿಸುವುದು ಸಹಜ. ಲಾಸ್ ಏಂಜಲಿಸ್ ಕೌಂಟಿಯವರು ಒಪ್ಪಿದರು. 2008ರ ನವೆಂಬರಿನಲ್ಲಿ, ದೊಡ್ಡ ದೊಡ್ಡ ಬ್ಯಾಂಕುಗಳೇ ಮುಳುಗುತ್ತಿದ್ದ ಹೊತ್ತಿನಲ್ಲಿ, ರೈಲು, ಬಸ್ಸು, ರಸ್ತೆಗಳಿಗಾಗಿ 30 ವರ್ಷಗಳ ಅರ್ಧ ಸೆಂಟಿಗೆ ನೂರಕ್ಕೆ 68 ಮಂದಿ ಹೌದೆಂದರು. 2016ರಲ್ಲಿ ಇನ್ನೊಂದು ಅರ್ಧ ಸೆಂಟಿಗೆ 71 ಮಂದಿ. ಮರುವರ್ಷ, ಬೀದಿಯಲ್ಲಿ ಮಲಗುವ ಮನೆಯಿಲ್ಲದವರಿಗಾಗಿ ಕಾಲು ಸೆಂಟ್ ಕೇಳಿದಾಗ 69 ಮಂದಿ. ಈ ಕೊನೆಯದರಿಂದ ತಮ್ಮ ಮನೆಗೆ ಏನೂ ಬರುವುದಿಲ್ಲವೆಂದು ಬಲ್ಲವರೇ ಅವರಲ್ಲಿ ಹೆಚ್ಚಿನವರಾಗಿರಬೇಕು.

ಎಲ್ಲೆಡೆಯೂ ಹೀಗಾಗುವುದಿಲ್ಲ. 2012ರ ಜುಲೈಯಲ್ಲಿ ಅಟ್ಲಾಂಟಾ ಸುತ್ತಲಿನ 10 ಕೌಂಟಿಗಳಲ್ಲಿ ಹತ್ತು ವರ್ಷಗಳಿಗೆ ಒಂದು ಸೆಂಟ್ ಕೇಳಿದಾಗ ನೂರಕ್ಕೆ 63 ಮಂದಿ ಬೇಡವೆಂದರು. ಯಾವ ಕರವೂ ಬೇಡವೆಂಬವರೂ, ರಸ್ತೆಗೆ ಹೆಚ್ಚು ಕೊಟ್ಟು ರೈಲಿಗೆ ಕಡಿಮೆ ಕೊಟ್ಟಿರೆಂದು ಮುನಿದವರೂ ಅಂದು ಒಂದಾಗಿದ್ದರು. ಅದರ ಮೇಲೆ ಇನ್ನೊಂದು ಹಳೆಯ ಗಾಯ. ಅಲ್ಲಿಯ ಹೆದ್ದಾರಿಯೊಂದರ ಸುಂಕವನ್ನು ಸಾಲ ತೀರಿದ ಕೂಡಲೇ ನಿಲ್ಲಿಸುವುದಾಗಿ ಮಾತುಕೊಟ್ಟವರು 2010ರಲ್ಲಿ ಅದನ್ನೇ ಮುಂದುವರಿಸಿದ್ದರು.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರುತ್ತೇನೆ. ಕರಕ್ಕೆ ಹೌದೆನ್ನುವವನು ತನ್ನ ಕಿಸೆಗೆ ಮಾತ್ರ ಕೈ ಹಾಕುವುದಿಲ್ಲ, ನೆರೆಯವನ ಕಿಸೆಗೂ ಹಾಕುತ್ತಾನೆ. ಹಾಗಾದರೆ ಎಷ್ಟು ಮಂದಿ ಒಪ್ಪಿದರೆ ಸಾಕು? ಗೊತ್ತಾದ ಕೆಲಸಕ್ಕೆಂದು ಹಾಕುವ ಇಂಥ ಸ್ಥಳೀಯ ಕರಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಬಂತು. 2008ರ ಕರದ ಅವಧಿಯನ್ನು ಬೆಳೆಸಬೇಕೆಂದು 2012ರಲ್ಲಿ ಕೇಳಿದಾಗ 66.1 ಮಂದಿ ಒಪ್ಪಿದರೂ ಅದು ಬಿದ್ದುಹೋಯಿತು. ಇದು ಅನ್ಯಾಯವೆನ್ನುವವರಿದ್ದಾರೆ. ಪರರ ಹಣದ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಪ್ಪು ಕಾಣುವುದು ಬೇರೆ ಕಡೆ. ಅದೇ 1978ರ ತಿದ್ದುಪಡಿಯು ಮನೆ ಜಮೀನುಗಳ ತೆರಿಗೆಗೂ ಅಣೆಕಟ್ಟು ಕಟ್ಟಿತು. ಬೆಲೆಯ ನೂರಕ್ಕೆ ಒಂದು ಮಾತ್ರ, ಆ ಬೆಲೆಯನ್ನೂ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಮನೆ ಕೈ ಬದಲಾದರೆ ಮಾತ್ರ ಹೊಸ ಬೆಲೆ. ಹಳೆಯ ಬಂಗಲೆಯವನು ನಿಶ್ಚಿಂತ. ಊರಿಗೆ ಹಣ ಬೇಕಾದಾಗ ಪ್ರಶ್ನೆ ಅಂಗಡಿಯ ಗಲ್ಲೆಯತ್ತ ತಿರುಗುತ್ತದೆ. ಅಡಿಗೆ ಸಾಮಾನಿಗೂ ವೈದ್ಯರು ಬರೆದುಕೊಟ್ಟ ಔಷಧಕ್ಕೂ ಅಲ್ಲಿ ಈ ತೆರಿಗೆಯಿಲ್ಲ, ನಿಜ. ಆದರೆ ಬಟ್ಟೆ, ಪಾತ್ರೆ, ಸಾಬೂನು, ಮಕ್ಕಳ ಚಪ್ಪಲಿಗೆ ಇದೆ. ಗಳಿಸಿದ್ದನ್ನೆಲ್ಲ ಖರ್ಚು ಮಾಡಿದರೂ ತಿಂಗಳು ಸಾಗದವನಿಗೂ, ಅರ್ಧ ಉಳಿಸುವವನಿಗೂ ದರ ಒಂದೇ. ಗಳಿಕೆಯ ಲೆಕ್ಕದಲ್ಲಿ ಹೊರೆ ಒಂದೇ ಅಲ್ಲ.

ಬಡವನೇ ತಾನೆ ಬಸ್ಸು ಹತ್ತುವವನು ಎಂದು ಕೇಳಬಹುದು. ಒಪ್ಪಿದೆ. 2008ರ ಕರದಲ್ಲಿ ಐದನೆಯ ಒಂದು ಪಾಲು ಬಸ್ಸು ಓಡಿಸುವುದಕ್ಕೇ ಮೀಸಲಾಗಿತ್ತು. ಆ ಬಡವ ತಾನೇ ಹೌದೆಂದಿದ್ದರೆ ನನ್ನ ತಕರಾರಿಲ್ಲ. ಎಂಟಾಣೆ ಹೋದದ್ದೇ ತಿಳಿಯದವನ ಹೌದನ್ನು ಮಾತ್ರ ತ್ಯಾಗವೆಂದು ಹೊಗಳಲು ನನ್ನಿಂದಾಗದು.

ಕೇಳದೆಯೇ ಕೊಡುವವರೂ ಇದ್ದಾರೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ವೀಸಾದ ಮೇಲೆ ಆ ದೇಶದಲ್ಲಿದ್ದಾರೆ. ಅವರಿಗೆ ಈ ಪ್ರಶ್ನೆಯ ಮತಪತ್ರವಿಲ್ಲ, ಅಂಗಡಿಯ ಬಿಲ್ಲಿನಲ್ಲಿ ಕರ ತಪ್ಪುವುದಿಲ್ಲ. ಮುಂಬಯಿಯ ನಮಗೆ ಇದು ಹೊಸತೇ? 2017ರ ಜೂನ್ ಕೊನೆಯವರೆಗೂ ಮುಲುಂಡ, ದಹಿಸರ ನಾಕಾಗಳಲ್ಲಿ ಲಾರಿ ನಿಲ್ಲಿಸಿ ವಸೂಲು ಮಾಡಿದ ಜಕಾತಿ, ನಾವು ಕೊಂಡ ಸರಕಿನ ಬೆಲೆಯಲ್ಲಿ ಸೇರಿ ಬರುತ್ತಿತ್ತು. ಅದನ್ನು ತೆತ್ತವರಲ್ಲಿ ಎಷ್ಟು ಮಂದಿಯ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಉಳಿದು, ಇಲ್ಲಿಯ ಮಹಾನಗರಪಾಲಿಕೆಗೆ ಒಮ್ಮೆಯೂ ಮತ ಹಾಕದೆ ಹೋಯಿತು! ಆದರೂ ಅದೇ ಪಾಲಿಕೆಯ ನೀರು ಕುಡಿದೆವು, ಅದರ ಬೆಸ್ಟ್ ಬಸ್ಸಿನಲ್ಲಿ ಓಡಾಡಿದೆವು. ಕೇಳದೆ ಪಡೆದದ್ದಕ್ಕೆ ಕೇಳದೆ ಕೊಟ್ಟೆವು ಎಂದು ಸಮಾಧಾನ ಮಾಡಿಕೊಳ್ಳಬಹುದೇನೋ. ನನಗೆ ಅದು ಪೂರ್ತಿ ಹಿಡಿಸುವುದಿಲ್ಲ.

ಲಾಸ್ ಏಂಜಲಿಸಿನಲ್ಲಿ 2024ರ ನವೆಂಬರಿನಲ್ಲಿ ಮತ್ತೆ ಕೇಳಿದರು. ಮನೆಯಿಲ್ಲದವರ ಕಾಲು ಸೆಂಟನ್ನು ಅರ್ಧ ಮಾಡೋಣವೇ ಎಂದು. ಈ ಸಲ ಪ್ರಸ್ತಾವ ನಾಗರಿಕರ ಸಹಿಗಳಿಂದ ಬಂದದ್ದಾದ್ದರಿಂದ ಬರಿಯ ಬಹುಮತ ಸಾಕಾಯಿತು. ಸುಮಾರು 58 ಮಂದಿ ಒಪ್ಪಿದರು. 2025ರ ಏಪ್ರಿಲಿನಿಂದ ವಸೂಲಿ ಶುರುವಾಯಿತು. ಹಿಂದಿನದಕ್ಕೆ ಹತ್ತು ವರ್ಷಗಳ ಗಡುವಿತ್ತು. ಇದಕ್ಕೆ ಗಡುವಿಲ್ಲ, ಮತದಾರರೇ ಮತ್ತೆ ಮತ ಹಾಕಿ ತೆಗೆಯಬೇಕು.