ಗೋಡೆಯೊಳಗಿನ ನೀಲಿ ಚೂರು

ಚಿದ್ರಿಯ ನಮ್ಮ ಮನೆಯ ಉತ್ತರದ ಗೋಡೆ ಮೂರು ಮಳೆಗಾಲದಿಂದ ಒಣಗಿರಲಿಲ್ಲ. ಅಪ್ಪ ಹುಟ್ಟುವ ಮೊದಲೇ ಮುತ್ಯಾ ಕಟ್ಟಿದ ಕೆಂಪುಕಲ್ಲಿನ ಗೋಡೆ. ಬೀದರಿನ ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ನೀರು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಾವು ಅದರ ಮೇಲೆ ಸಿಮೆಂಟು ಬಳಿಸಿದೆವು. ಕುಡಿದ ನೀರು ಬಿಡಲು ಗೋಡೆಗೆ ದಾರಿಯೇ ಉಳಿಯಲಿಲ್ಲ.

ಈ ಬೇಸಿಗೆಯಲ್ಲಿ ಗೌಂಡಿಯನ್ನು ಕರೆಸಿ ಸಿಮೆಂಟು ಕೆತ್ತಿಸಿದಾಗ ಹಳೆಯ ಸುಣ್ಣದ ಗಚ್ಚು ಕಂಡಿತು. ಎರಡು ಕಲ್ಲುಗಳ ಸಂದಿಯಲ್ಲಿ ಅಂಗೈಯಗಲದ ಒಂದು ಚೂರನ್ನು ತುರುಕಿದ್ದರು. ಗೌಂಡಿ ಒದ್ದೆ ಬಟ್ಟೆಯಿಂದ ಒರೆಸಿದ. ನೀಲಿ. ಅದರ ಮೇಲೆ ಬಿಳಿ ಎಳೆಯೊಂದರ ಬಾಗು.

ಬೀದರಿನಲ್ಲಿ ಬೆಳೆದವರಿಗೆ ಆ ನೀಲಿಯ ಗುರುತು ಹೇಳಿಕೊಡಬೇಕಿಲ್ಲ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂಭಾಗದಲ್ಲಿ, ಉಳಿದಿರುವ ಒಂದೇ ಮಿನಾರಿನ ಮೈಮೇಲೆ ಅದು ಈಗಲೂ ಅಲ್ಲಲ್ಲಿ ಅಂಟಿಕೊಂಡಿದೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಇನ್ನೊಂದು ಮಿನಾರು ಉರುಳಿತು. ಕೋಟೆಯ ಮಹಲುಗಳಲ್ಲೂ ಅಷ್ಟೂರಿನ ಸುಲ್ತಾನರ ಗೋರಿಗಳಲ್ಲೂ ಇಂಥ ಹೆಂಚುಗಳಿವೆ. ನಮ್ಮ ಚೂರು ಯಾವ ಗೋಡೆಯಿಂದ ಬಂತೆಂದು ಚೂರು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದನ್ನೂ ಹೇಳುವುದಿಲ್ಲ: ಮುತ್ಯಾ ಅದನ್ನು ಕಿತ್ತನೋ, ಬಿದ್ದಿದ್ದನ್ನು ಹೆಕ್ಕಿದನೋ?

ಕಾನೂನಿಗೆ ಆ ವ್ಯತ್ಯಾಸ ಬೇಕಿಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ, ನೂರು ವರ್ಷ ದಾಟಿದ, ಕಟ್ಟಡದಿಂದ ಬೇರ್ಪಟ್ಟ ಯಾವ ವಸ್ತುವೂ ಪುರಾವಸ್ತುವೇ. ಆದರೆ ನನಗೆ ಬೇಕಾಗಿತ್ತು. ಯಾಕೆಂದರೆ ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ನಾನೇ ಬರೆದ ಒಂದು ವಾಕ್ಯವಿದೆ: "ಸ್ಥಳೀಯರು ಅಜ್ಞಾನದಿಂದ ಸ್ಮಾರಕಗಳ ಸಾಮಗ್ರಿಯನ್ನು ಮನೆಗಳಿಗೆ ಸಾಗಿಸಿದರು." ಗೈಡ್ ಅದರ ಪಕ್ಕ ಸರಿ ಗುರುತು ಹಾಕಿದ್ದಾರೆ. ಬರೆಯುವಾಗ ಆ 'ಸ್ಥಳೀಯರಿಗೆ' ಮುಖವಿರಲಿಲ್ಲ. ಈಗ ರುಮಾಲು ಸುತ್ತಿ, ಎಲೆಅಡಿಕೆ ಮೆಲ್ಲುತ್ತ ಕೂತ ಮುದುಕನ ಮುಖ ಬಂತು.

ಅಜ್ಞಾನ ಅನ್ನುವ ಮಾತಾದರೂ ನಿಲ್ಲುತ್ತದೆಯೇ? ಬೀದರಿನ ಸ್ಮಾರಕಗಳ ಮೇಲೆ ಗುಲಾಮ್ ಯಜ್ದಾನಿಯವರ ದೊಡ್ಡ ಪುಸ್ತಕ 1947ರಲ್ಲೇ ಬಂದಿದೆ, ಇಂಗ್ಲಿಷಿನಲ್ಲಿ. ಮುತ್ಯಾ ಹೆಬ್ಬೆಟ್ಟಿನವನು. ಆದರೆ ಕಲ್ಲು ಅವನಿಗೆ ಗೊತ್ತಿತ್ತು. ಸಂದಿಗೆ ಎಷ್ಟು ದಪ್ಪದ ಚೂರು ಬೇಕು, ಯಾವ ಮಗ್ಗುಲು ಒಳಗಿರಬೇಕು ಎಂದು ಲೆಕ್ಕ ಹಾಕಿಯೇ ಇಟ್ಟಿದ್ದಾನೆ. ಬಣ್ಣದ ಮಗ್ಗುಲಿನ ನುಣುಪಿಗೆ ಗಚ್ಚು ಹಿಡಿಯುವುದಿಲ್ಲವೆಂದು ಅದನ್ನು ಮೇಲೆ ಮಾಡಿ, ಕಲ್ಲಿನ ಭಾರಕ್ಕೆ ಕೊಟ್ಟಿದ್ದಾನೆ. ನೋಡಲೆಂದು ಮಾಡಿದ ವಸ್ತು ಯಾರೂ ನೋಡದ ಜಾಗದಲ್ಲಿ ಭಾರ ಹೊತ್ತಿತ್ತು. ಇದನ್ನು ಹಾಳುಮಾಡುವುದು ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಹಾಗೆಂದು ಅವನನ್ನು ಪೂರ್ತಿ ಬಿಟ್ಟುಬಿಡುವುದೂ ಆಗದು. ಒಬ್ಬೊಬ್ಬರೂ ಒಂದೊಂದು ಚೂರು ಒಯ್ದರೆ ಮಿನಾರು ಬೋಳಾಗುತ್ತದೆ. ಬಹುಪಾಲು ಬೋಳಾಗಿಯೂ ಇದೆ. ಆದರೆ ಆ ಅವಶೇಷದಿಂದ ಒಯ್ದವನು ಮುತ್ಯಾ ಒಬ್ಬನೇ ಅಲ್ಲ. ಅವನಿಗೆ ಅದು ಗೋಡೆ ಕೊಟ್ಟಿತು, ನನಗೆ ಪ್ರತಿ ತಿಂಗಳು ಫೆಲೋಶಿಪ್ ಕೊಡುತ್ತಿದೆ. ನಾನು ಒಯ್ದದ್ದಕ್ಕೆ ಸಂಶೋಧನೆ ಎಂಬ ಹೆಸರಿದೆ, ಅಷ್ಟೆ.

ಅವ್ವನಿಗೆ ಹೇಳಿದೆ, ಇದನ್ನು ಪುರಾತತ್ವ ಇಲಾಖೆಗೆ ಕೊಡುತ್ತೇನೆ ಅಂತ.

"ಕೊಡು. ಖರೆ ನಿಮ್ಮ ಮುತ್ಯಾ ಕಳ್ಳ ಇದ್ದಿಲ್ಲ" ಅಂದಳು.

"ಕಳ್ಳ ಅಂತ ಯಾರಂದ್ರವ್ವ?"

"ನೀ ಬರಿಯೋದು ಹಂಗೇ ಇರ್ತದ."

ಅವಳು ನನ್ನ ಅಧ್ಯಾಯವನ್ನು ಓದಿಲ್ಲ.

ಗೌಂಡಿಗೆ ಬೇರೆಯದೇ ಚಿಂತೆ. "ಇದು ತೆಗದ್ರ ಮ್ಯಾಲಿನ ಕಲ್ಲು ಕುಂದರ್ತದ್ರಿ, ಮೊದಲ ಆಸರ ಕೊಡಬೇಕು." ಕಟ್ಟಿಗೆಯ ಆಸರೆ ಕೊಟ್ಟು, ಸಂದಿಗೆ ಕೆಂಪುಕಲ್ಲಿನ ಚಕ್ಕೆ ಕೂರಿಸಿ, ಸುಣ್ಣದ ಗಚ್ಚು ತುಂಬಲು ಅರ್ಧ ದಿನ ಹಿಡಿಯಿತು. ಆ ಅರ್ಧ ದಿನದ ಕೂಲಿ ಬೇರೆ. ಅಣ್ಣ ಮುಖ ಗಂಟಿಕ್ಕಿಕೊಂಡೇ ಕೊಟ್ಟ.

ರಾತ್ರಿ ಇಲಾಖೆಗೆ ಪತ್ರ ಬರೆಯಲು ಕೂತೆ. ಸಿಕ್ಕ ಸ್ಥಳ: ಚಿದ್ರಿ, ನಮ್ಮ ಮನೆ, ಉತ್ತರದ ಗೋಡೆ. ಅಲ್ಲಿಗೆ ಪೆನ್ನು ನಿಂತಿತು. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಮುತ್ಯಾನ ಹೆಸರು ಬರಿತಿಯೇನು?"

"ಬರಿಬೇಕವ್ವ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರ ಗ್ವಾಡಿ ಕಟ್ಟ್ಯಾನಂತನೂ ಬರಿ."