ಮನ್ನವು ನಿಂತುಹೋದ ದಿವಸ

ಓದತಕ್ಕ ಭಾಗ: ಯೆಹೋಶುವ 5ನೆಯ ಅಧ್ಯಾಯ, 10ರಿಂದ 12ನೆಯ ವಚನಗಳು.



ಕಳೆದ ವರುಷ ಮಳೆಗಾಲದ ಆರಂಭದಲ್ಲಿ ನಾವು ಹಳ್ಳಿಯ ಸಭೆಯೊಂದರಲ್ಲಿ ಮನೆಭೇಟಿಗೆ ಹೋಗಿದ್ದೆವು. ಒಂದು ಮನೆಯ ಯಜಮಾನನು ತೀರಿಹೋಗಿ ಎರಡು ತಿಂಗಳಾಗಿತ್ತು. ಹಿರಿಯ ಮಗನು ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋಗಿದ್ದನು. ಗದ್ದೆಯು ಉಳದೆ ಬಿದ್ದಿತ್ತು. ಆ ತಾಯಿಯು ನಮ್ಮನ್ನು ಜಗಲಿಯಲ್ಲಿ ಕುಳ್ಳಿರಿಸಿ, "ಉಪದೇಶಿಗಳೇ, ಅವರು ಇದ್ದಾಗ ಈ ಮನೆಯಲ್ಲಿ ಒಂದು ಹೊತ್ತಿನ ಗಂಜಿಗೂ ಕೊರತೆ ಇರಲಿಲ್ಲ. ಆಗ ಕೊಡುತ್ತಿದ್ದ ದೇವರು ಈಗ ಯಾಕೆ ನಿಲ್ಲಿಸಿದನು? ನಮ್ಮಿಂದ ಏನು ತಪ್ಪಾಯಿತು?" ಎಂದು ಕೇಳಿದರು. ಅದಕ್ಕೆ ತಕ್ಕ ಉತ್ತರವು ಆ ಹೊತ್ತಿನಲ್ಲಿ ನಮಗೆ ತೋರಲಿಲ್ಲ. ಪ್ರಾರ್ಥನೆ ಮಾಡಿ ಹೊರಟುಬಂದೆವು. ದಾರಿಯಲ್ಲಿ ಮೇಲೆ ಹೇಳಿದ ವಚನಗಳು ನೆನಪಿಗೆ ಬಂದವು. ಅಂದು ಆ ತಾಯಿಗೆ ಹೇಳಲಾರದೆ ಹೋದದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತೇವೆ.

ಇಸ್ರಾಯೇಲ್ಯರು ನಾಲ್ವತ್ತು ವರುಷ ಅರಣ್ಯದಲ್ಲಿ ಮನ್ನವನ್ನು ತಿಂದು ಬದುಕಿದರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಆಹಾರದ ನೆನಪೇ ಇರಲಿಲ್ಲ. ಬೆಳಿಗ್ಗೆ ಎದ್ದು ಪಾಳೆಯದ ಹೊರಗೆ ಹೋಗಿ ಕೂಡಿಸಿಕೊಳ್ಳುವದು, ತಿನ್ನುವದು, ಮಾರಣೆಯ ದಿವಸವೂ ಹಾಗೆಯೇ. ದೇವರ ಪರಾಮರಿಕೆ ಎಂದರೆ ಅವರಿಗೆ ಇದೇ ಆಗಿತ್ತು. ಹೀಗಿರಲಾಗಿ ಅವರು ಯೊರ್ದನನ್ನು ದಾಟಿ ಗಿಲ್ಗಾಲಿನಲ್ಲಿ ಇಳಿದುಕೊಂಡು ಪಸ್ಕವನ್ನು ಆಚರಿಸಿದರು. ಮರುದಿವಸ ದೇಶದ ಹುಟ್ಟುವಳಿಯನ್ನು ಉಂಡರು. ಅಲ್ಲಿಂದ ಮನ್ನವು ನಿಂತುಹೋಯಿತು.

ಪ್ರಿಯರೇ, ಇದನ್ನು ಚೆನ್ನಾಗಿ ಗಮನಿಸಿರಿ. ಮನ್ನವು ನಿಂತದ್ದು ಜನರ ಪಾಪದ ನಿಮಿತ್ತವಾಗಿ ಎಂದು ಸತ್ಯವೇದವು ಎಲ್ಲಿಯೂ ಹೇಳುವದಿಲ್ಲ. ಅವರು ಗುಣುಗುಟ್ಟಿದ ದಿವಸಗಳಲ್ಲಿ ಅದು ನಿಲ್ಲಲಿಲ್ಲ. ಬಸವನನ್ನು ಮಾಡಿ ಅಡ್ಡಬಿದ್ದ ಮೇಲೆಯೂ ನಿಲ್ಲಲಿಲ್ಲ. ಅವರು ವಿಧೇಯರಾಗಿ ಹೊಳೆಯನ್ನು ದಾಟಿ, ದೇವರ ಹಬ್ಬವನ್ನು ಆಚರಿಸಿದ ಮೇಲೆಯೇ ನಿಂತಿತು. ಆದಕಾರಣ ನಮ್ಮ ಜೀವಮಾನದಲ್ಲಿ ಹಳೆಯ ಆಧಾರವೊಂದು ಕಳಚಿಬಿದ್ದ ಕೂಡಲೆ, ದೇವರು ನಮ್ಮ ಮೇಲೆ ಕೋಪಗೊಂಡಿದ್ದಾನೆಂದು ಎಣಿಸುವದು ಸರಿಯಲ್ಲ. ನೆರೆಹೊರೆಯವರು ಹಾಗೆ ಹೇಳಿದರೂ ಒಪ್ಪತಕ್ಕದ್ದಲ್ಲ.

ಇನ್ನೊಂದು ಮಾತುಂಟು. ಅವರು ಯೊರ್ದನನ್ನು ದಾಟಿದ್ದು ಸುಗ್ಗಿಯ ಕಾಲದಲ್ಲಿ ಎಂದು ಮೂರನೆಯ ಅಧ್ಯಾಯದಲ್ಲಿ ಬರೆದದೆ. ಅಂದರೆ ಮನ್ನವು ನಿಲ್ಲುವದಕ್ಕೆ ಮೊದಲೇ ಆಚೆಯ ದಡದ ಹೊಲಗಳಲ್ಲಿ ತೆನೆಯು ಬಲಿತಿತ್ತು. ಅರಣ್ಯದಲ್ಲಿ ನಿಂತವರ ಕಣ್ಣಿಗೆ ಅದು ಕಾಣಲಿಲ್ಲ; ಆದರೆ ಕೊಡುವಾತನಿಗೆ ಅದು ತಿಳಿದಿತ್ತು. ಆತನು ಒಂದು ಕೈಯನ್ನು ಮುಚ್ಚುವದಕ್ಕೆ ಮುಂಚೆ ಮತ್ತೊಂದು ಕೈಯನ್ನು ತೆರೆದಿದ್ದನು.

ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಇಂಥ ದಿವಸ ಬಂದದ್ದುಂಟು. 1834ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಸ್ನಾನದೀಕ್ಷೆ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಆಸ್ತಿಯ ಪಾಲನ್ನೂ ಕಳಕೊಂಡರು. ಅಂಥವರ ಜೀವನಕ್ಕಾಗಿ ಮಿಶನಿನವರು ನೇಯ್ಗೆಯ ಕೆಲಸವನ್ನು ನಡಿಸಿದರು; 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನಮ್ಮ ಹಿರಿಯರಿಗೆ ಅದು ಮನ್ನದ ಹಾಗೆಯೇ ಇತ್ತು. ಆದರೆ 1914ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಸೆರೆಶಿಬಿರಗಳಿಗೆ ಒಯ್ಯಲ್ಪಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಮಿಶನಿನ ಕೈಬಿಟ್ಟುಹೋದವು. ಕುರುಬನಿಲ್ಲದ ಮಂದೆಯು ಚದರಿಹೋಗುವದೆಂಬ ಭಯವು ಸಹಜವಾಗಿಯೇ ಇತ್ತು. ಮಂದೆಯು ಚದರಿಹೋಗಲಿಲ್ಲ. ಕೆಲವು ಕಡೆ ಬೇರೆ ಮಿಶನಿನವರು ಕೈಗೊಟ್ಟರು. ಹಿಂದೆ ಮಿಶನರಿಗಳು ಹೊರುತ್ತಿದ್ದ ಭಾರವನ್ನು ದೇಶೀಯ ಬೋಧಕರೂ ಉಪದೇಶಿಗಳೂ ಸಭೆಯ ಹಿರಿಯರೂ ಹೊರಲು ಕಲಿತರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ, ಈ ನೆಲದಲ್ಲಿಯೇ ಬೆಳೆದ ಸೇವಕರು ಮುಂದೆ ನಿಂತರು. ಮನ್ನವು ನಿಂತಿತ್ತು; ದೇಶದ ಬೆಳೆಯು ಕೈಗೆ ಬಂದಿತ್ತು.

ಹಾಗಾದರೆ ಇಂಥ ಕಾಲದಲ್ಲಿ ನಾವು ಮಾಡತಕ್ಕದ್ದೇನು?

ಮೊದಲನೆಯದು, ಹಳೆಯ ಉಪಕಾರವನ್ನು ಮರೆಯಬಾರದು. ಒಂದು ಓಮೆರಿನಷ್ಟು ಮನ್ನವನ್ನು ಪಾತ್ರೆಯಲ್ಲಿ ಹಾಕಿ ದೇವರ ಸನ್ನಿಧಿಯಲ್ಲಿ ಇಡಬೇಕೆಂದು ಮೋಶೆಗೆ ಅಪ್ಪಣೆಯಾಗಿತ್ತು. ಅದು ತಿನ್ನುವದಕ್ಕಲ್ಲ, ನೆನಪಿಗೆ. ತೀರಿಹೋದ ತಂದೆಯ ಪ್ರೀತಿಯನ್ನೂ ಬಿಟ್ಟುಬಂದ ಊರಿನ ಒಳ್ಳೆಯದನ್ನೂ ಹಾಗೆಯೇ ಸ್ತೋತ್ರದೊಡನೆ ಕಾಪಾಡಿಕೊಳ್ಳೋಣ.

ಎರಡನೆಯದು, ಕುಡುಗೋಲನ್ನು ಕೈಗೆ ತೆಗೆದುಕೊಳ್ಳಬೇಕು. ಮನ್ನವು ನೆಲದ ಮೇಲೆ ಬಿದ್ದಿರುತ್ತಿತ್ತು. ತೆನೆಯನ್ನಾದರೋ ಕೊಯ್ಯಬೇಕು, ಬಡಿಯಬೇಕು, ತೂರಬೇಕು. ಗಿಲ್ಗಾಲಿನಲ್ಲಿ ಒಬ್ಬನು ಮುಂಜಾನೆ ಎದ್ದು ನೆಲವನ್ನೇ ನೋಡುತ್ತಾ ಕೂತಿದ್ದರೆ, ಬೆಳೆಯ ನಡುವೆಯೇ ಹಸಿದು ಸಾಯುತ್ತಿದ್ದನು. ಮದುವೆಯಾಗಿ ಬೇರೆ ಮನೆಗೆ ಸೇರಿದ ಮಗಳೂ, ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಹುಡುಗನೂ ಇದನ್ನು ತಿಳುಕೊಳ್ಳಲಿ. ನಂಬಿಕೆ ಎಂಬದು ಕೈಕಟ್ಟಿ ಕಾಯುವದಲ್ಲ.

ಮೂರನೆಯದು, ಒಬ್ಬನ ಮನ್ನವು ನಿಂತಾಗ ಸಭೆಯೇ ಅವನಿಗೆ ಹೊಲವಾಗಬೇಕು. ಆ ತಾಯಿಯ ಸಂಗತಿಯನ್ನು ಮುಂದಿನ ಆದಿತ್ಯವಾರ ಆರಾಧನೆಯ ತರುವಾಯ ಹಿರಿಯರಿಗೆ ತಿಳಿಸಿದೆವು. ನಾಲ್ಕು ಮನೆಯವರು ಕೂಡಿ ಆ ಗದ್ದೆಯನ್ನು ಉಳಿಸಿ ನೇಜಿ ನೆಟ್ಟರು. ಅವರು ಬದುವಿನ ಮೇಲೆ ನಿಂತು ನೋಡುತ್ತಿದ್ದು, ಕಡೆಗೆ ಸೆರಗನ್ನು ಸಿಕ್ಕಿಸಿಕೊಂಡು ತಾವೂ ಗದ್ದೆಗೆ ಇಳಿದರು. ಅವರ ದುಃಖವು ಅಂದೇ ತೀರಿತೆಂದು ನಾವು ಹೇಳುವದಿಲ್ಲ. ಆದರೆ ಆ ಪ್ರಶ್ನೆಯನ್ನು ಅವರು ಪುನಃ ನಮ್ಮನ್ನು ಕೇಳಲಿಲ್ಲ.

ಕಡೆಯದಾಗಿ, ಮನ್ನವೂ ಹೋಗುವದು, ತೆನೆಯೂ ತೀರುವದು. ಎರಡನ್ನೂ ಕೊಟ್ಟಾತನು ಉಳಿಯುವನು. ಅರಣ್ಯದಲ್ಲಿ ಮನ್ನವನ್ನು ತಿಂದ ಪಿತೃಗಳು ಸತ್ತರೆಂದು ಹೇಳಿ ಕರ್ತನಾದ ಯೇಸು ತನ್ನನ್ನೇ ಜೀವದ ರೊಟ್ಟಿಯಾಗಿ ತೋರಿಸಿಕೊಟ್ಟನಷ್ಟೆ. ನಾವೆಲ್ಲರೂ ದಾಟಬೇಕಾದ ಕಡೆಯ ಹೊಳೆಯೊಂದುಂಟು. ಅದರ ಆಚೆಯ ದಡವು ನಮಗೆ ಕಾಣುವದಿಲ್ಲ. ಆದರೆ ಆತನು ನಮಗಿಂತ ಮುಂಚೆ ಅದನ್ನು ದಾಟಿ ಅಲ್ಲಿ ಇದ್ದಾನೆ. ಆತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ. ಆಮೆನ್.