ಕಳ್ಳನ ಸರದಿ

ಕಳೆದ ಭಾನುವಾರ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗನೂ ಅವನ ಐವರು ಗೆಳೆಯರೂ ಊಟದ ಮೇಜಿನ ಸುತ್ತ ಕುಳಿತು ಒಂದು ಆಟ ಆಡುತ್ತಿದ್ದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಅದರ ಹೆಸರು. ಒಬ್ಬನು ಸೂತ್ರಧಾರನಾಗಿ ಕಥೆ ಹೇಳುತ್ತಾನೆ. ಉಳಿದ ಐವರು ಒಂದೊಂದು ಪಾತ್ರ ವಹಿಸಿ, ತಾವೀಗ ಏನು ಮಾಡುತ್ತೇವೆಂಬುದನ್ನು ಬಾಯಲ್ಲಿ ಹೇಳುತ್ತಾರೆ. ಸಂದೇಹ ಬಂದ ಕಡೆ ಇಪ್ಪತ್ತು ಮುಖದ ದಾಳವೊಂದು ತೀರ್ಪು ಕೊಡುತ್ತದೆ. ಗೆಲುವಾಗಲಿ ಸೋಲಾಗಲಿ ಐವರಿಗೂ ಒಟ್ಟಿಗೆ. ಒಬ್ಬರನ್ನೊಬ್ಬರು ಸೋಲಿಸಬೇಕಾಗಿಲ್ಲದ ಆಟವೆಂದು ಕೇಳಿ ನನಗೆ ಸಂತೋಷವೇ ಆಯಿತು.

ನನ್ನ ಸೋದರಳಿಯನದು ಕಳ್ಳನ ಪಾತ್ರ. ಶತ್ರುವಿನ ಕೋಟೆಯ ಬಾಗಿಲು ಬಂದಾಗ, "ನೀವೆಲ್ಲ ಇಲ್ಲೇ ಇರಿ, ನಾನು ಒಳಗೆ ಹೋಗಿ ನೋಡಿಕೊಂಡು ಬರುತ್ತೇನೆ" ಎಂದು ಕತ್ತಲಲ್ಲಿ ನುಸುಳಿದ. ನ್ಯಾಯವಾದ ಮಾತು. ಆದರೆ ಅವನು ಒಳಗಿದ್ದದ್ದು ಗೋಡೆಯ ಗಡಿಯಾರದ ಲೆಕ್ಕದಲ್ಲಿ ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಮಿಕ್ಕ ನಾಲ್ವರು ಕೋಟೆಯ ಬಾಗಿಲಲ್ಲಿ, ಎಂದರೆ ಊಟದ ಮೇಜಿನ ಬಳಿ, ಸುಮ್ಮನೆ ಕುಳಿತಿದ್ದರು. ಕಬ್ಬಿಣದ ಕವಚ ತೊಟ್ಟ ಯೋಧನಾಗಿದ್ದ ಹುಡುಗ ತಟ್ಟೆಯಲ್ಲಿದ್ದ ಕಡಲೆಕಾಯನ್ನೆಲ್ಲ ಸುಲಿದು ಮುಗಿಸಿ, ಕೊನೆಗೆ ಎದ್ದುಹೋಗಿ ನನ್ನ ತಂಗಿಗೆ ಕಾಫಿ ಬೆರೆಸಲು ನೆರವಾದ. ತಪ್ಪು ಯಾರದೂ ಇರಲಿಲ್ಲ. ಆದರೂ ಅಲ್ಲೊಂದು ಸಣ್ಣ ಅನ್ಯಾಯ ನಡೆಯುತ್ತಿದೆ ಎನ್ನಿಸಿತು ನನಗೆ.

ರಾಮಾಯಣದಲ್ಲಿಯೂ ಇದೇ ಸನ್ನಿವೇಶವಿದೆಯಷ್ಟೆ. ಹನುಮಂತ ಬೆಕ್ಕಿನಷ್ಟು ಚಿಕ್ಕವನಾಗಿ ಇರುಳಲ್ಲಿ ಲಂಕೆಯನ್ನು ಹೊಕ್ಕು ಮನೆಮನೆ ಹುಡುಕುತ್ತಾನೆ. ಅಂಗದ ಜಾಂಬವಂತರು ಕಡಲ ಈಚೆ ದಡದಲ್ಲಿ ಕಾದಿರುತ್ತಾರೆ. ಹೆಚ್ಚುಕಡಿಮೆ ಇಡೀ ಸುಂದರಕಾಂಡವೇ ಹನುಮಂತನದು. ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಕೇಳುವ ನಾವು ಅವನ ಜೊತೆಗೇ ಹಾರಿ ಹೋಗಿರುತ್ತೇವೆ. ಮೇಜಿನ ಸುತ್ತಲಾದರೋ ಅಂಗದನಿಗೂ ಜೀವವಿದೆ. ಅವನೂ ಬಸ್ಸು ಹತ್ತಿ ಬಂದಿದ್ದಾನೆ. ಅವನಿಗೂ ವಾರಕ್ಕೆ ಒಂದೇ ಭಾನುವಾರ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಅದರಲ್ಲಿ ಕಳ್ಳನೇ ಇರಲಿಲ್ಲ. ಯೋಧ, ಮಂತ್ರವಾದಿ, ಪುರೋಹಿತ ಎಂದು ಮೂರೇ ವರ್ಗ. ಕಳ್ಳ ಬಂದದ್ದು 1975ರ ಪುರವಣಿ ಪುಸ್ತಕದಲ್ಲಿ. ಅದುವರೆಗೆ ಸದ್ದಿಲ್ಲದೆ ನಡೆಯುವುದು ಕಾಲಿದ್ದವರೆಲ್ಲರ ಹಕ್ಕಾಗಿತ್ತು. ಅದು ಒಬ್ಬನ ಕಸುಬೆಂದು ಬರೆದಿಟ್ಟೊಡನೆ ಮಿಕ್ಕವರು ತಮಗದು ಬಾರದೆಂದು ತಿಳಿಯತೊಡಗಿದರು ಎಂಬುದು ಹಳೆಯ ಆಟಗಾರರ ದೂರು. (ಕಸುಬಿಗೊಂದು ಹೆಸರಿಟ್ಟರೆ ಏನಾಗುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.) ಕಳ್ಳನಿಗಾದರೂ ಸುಖವಾಯಿತೇ? 1978ರ ನಿಯಮಪುಸ್ತಕದ ಪ್ರಕಾರ ಹೊಸಬ ಕಳ್ಳ ಸದ್ದಿಲ್ಲದೆ ನಡೆಯಬಹುದಾದದ್ದು ನೂರಕ್ಕೆ 15 ಸಲ, ನೆರಳಲ್ಲಿ ಅಡಗಬಹುದಾದದ್ದು ನೂರಕ್ಕೆ 10 ಸಲ. ಒಂಟಿಯಾಗಿ ಹೋದವನು ಒಂಟಿಯಾಗಿಯೇ ಸಾಯಬೇಕಿತ್ತು.

ಕಾದಾಟದ ಮಟ್ಟಿಗೆ ಇದನ್ನು ತಿದ್ದಿದ್ದಾರೆ. 2014ರ ಆವೃತ್ತಿಯಲ್ಲಿ ಶತ್ರುವಿನ ಪಕ್ಕದಲ್ಲಿ ಗೆಳೆಯನೊಬ್ಬ ನಿಂತಿದ್ದರೆ ಸಾಕು, ಅಡಗದೆಯೂ ಕಳ್ಳನ ಪೆಟ್ಟಿಗೆ ಹೆಚ್ಚಿನ ಬಲ ಬರುತ್ತದೆ. ಕಷ್ಟವಿರುವುದು ಎಲ್ಲರೂ ಕೂಡಿ ನುಸುಳಬೇಕಾದಾಗ. ಒಬ್ಬೊಬ್ಬರಿಗೂ ನೂರಕ್ಕೆ 70ರಷ್ಟು ಅವಕಾಶವಿದೆ ಎನ್ನಿ. ಐವರೂ ತಪ್ಪದೆ ಗೆಲ್ಲಬೇಕೆಂದರೆ ಅದು ನೂರಕ್ಕೆ 17ಕ್ಕೆ ಇಳಿಯುತ್ತದೆ. ಹೀಗಿರುವಾಗ ಕಳ್ಳ ಒಬ್ಬನೇ ಹೋಗದೆ ಇನ್ನೇನು ಮಾಡಿಯಾನು? ಅದೇ 2014ರ ಪುಸ್ತಕದಲ್ಲಿ ಬೇರೊಂದು ನಿಯಮವೂ ಇದೆ: ಗುಂಪಾಗಿ ಮಾಡುವ ಕೆಲಸದಲ್ಲಿ ಅರ್ಧದಷ್ಟಾದರೂ ಮಂದಿ ಗೆದ್ದರೆ ಗುಂಪೇ ಗೆದ್ದಂತೆ. ಐವರಲ್ಲಿ ಮೂವರು ಸಾಕು. ಕಾಗದದ ಮೇಲೆ ಗುಣಿಸಿ ನೋಡಿದೆ. 17 ಇದ್ದದ್ದು ಸುಮಾರು 84 ಆಯಿತು!

ಇದನ್ನು ಹುಡುಗರಿಗೆ ತೋರಿಸಿದಾಗ ಸೋದರಳಿಯ ಮುಖ ಸಣ್ಣದು ಮಾಡಿದ. "ಹಾಗಾದರೆ ನಾನು ಕಲಿತದ್ದಕ್ಕೆ ಏನು ಬೆಲೆ ಮಾವ? ಇವನ ಕವಚ ಝಣಝಣ ಅಂದರೂ ಕಾವಲಿನವನಿಗೆ ಕೇಳಿಸಬಾರದೇ?"

ಪ್ರಶ್ನೆ ಬಾಲಿಶವಾದದ್ದಲ್ಲ. ಆದ ಸದ್ದು ಆದದ್ದೇ. ಸ್ನೇಹಕ್ಕಾಗಿ ಅದನ್ನು ಆಗಲಿಲ್ಲವೆಂದು ಬರೆದರೆ ಕಲಿತವನಿಗೂ ಕಲಿಯದವನಿಗೂ ಏನು ಭೇದ ಉಳಿಯಿತು? ಆದರೆ ಕತ್ತಲಲ್ಲಿ ದಾರಿ ಬಲ್ಲವನೊಬ್ಬ ಜೊತೆಗಿದ್ದರೆ, ಇಲ್ಲಿ ಕಾಲಿಡು, ಇಲ್ಲಿ ತಾಳು ಎಂದು ಕೈ ಹಿಡಿದು ನಡೆಸುವುದುಂಟು. ಮೂವರ ಜಾಣ್ಮೆ ಇಬ್ಬರ ಎಡವಟ್ಟನ್ನು ಮುಚ್ಚುವುದು ಸುಳ್ಳು ಲೆಕ್ಕವೇನಲ್ಲ. ಹೀಗೆಂದು ನಾನು ವಾದಿಸಿದೆ, ಈಗಲೂ ಅದೇ ಸರಿಯೆಂದು ನಂಬಿದ್ದೇನೆ. ಆದರೆ ಆ ಮುಕ್ಕಾಲು ಗಂಟೆ ಹುಡುಗನ ಮುಖವನ್ನೂ ನಾನು ನೋಡಿದ್ದೆ. ದಾಳ ಉರುಳಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದ. ಐವರು ಕೂಡಿ ನಡೆದರೆ ಆ ಭಯ ಹುಟ್ಟುವುದಿಲ್ಲ, ಆ ಆನಂದವೂ ಅಷ್ಟೆ. ಅದು ನಿಜವಾದ ನಷ್ಟ. ಆದರೂ ಅದರ ಖರ್ಚು ಹೋದದ್ದು ಇನ್ನು ನಾಲ್ವರ ಭಾನುವಾರದಿಂದ ಎಂಬುದನ್ನು ಹೇಗೆ ಮರೆಯಲಿ?

ಕಾಫಿಯಾದ ಮೇಲೆ ಆಟ ಮುಂದುವರಿಯಿತು. ಕೋಟೆಯ ಒಳಬಾಗಿಲ ಬಳಿ ಯೋಧನ ಪಾತ್ರದ ಹುಡುಗ ತಾನಾಗಿಯೇ, "ನಾನು ಕವಚ ಕಳಚಿ ಇಲ್ಲೇ ಇಟ್ಟು ಬರುತ್ತೇನೆ ಕಣೋ" ಎಂದ. ಅದಕ್ಕೆ ಐದು ನಿಮಿಷ ಹಿಡಿಯುತ್ತದೆ ಎಂದು ಸೂತ್ರಧಾರ ಪುಸ್ತಕ ತಿರುವಿ ಹೇಳಿದ. ಕಳ್ಳ ಬಾಗಿಲ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. "ಸರಿ, ಕಾಯುತ್ತೇನೆ" ಎಂದ.